ಚಪ್ಪಲಿ ಡಬ್ಬದ ಮನೆಗೆ ಮೂರು ಪರದೆ

ನಾನು ಸ್ಕೂಲಿನ ಒಳಗೆ ಕೂತು ಓದಿದವಳಲ್ಲ. ಆದ್ರೂ ಈ ವಯಸ್ಸಿನಲ್ಲಿ ಸ್ಕೂಲೇ ನಮ್ಮನೆಗೆ ಬಂದು ಕೂತ್ಕೊಳ್ಳುತ್ತೆ. ಮೊಮ್ಮಗಳ ಬ್ಯಾಗಿನಿಂದ ದಿನಕ್ಕೊಂದು ಹೊರಗೆ ಬರುತ್ತೆ, ಅದರ ಹಿಂದೇನೇ ನನ್ನದೊಂದು ಎಡವಟ್ಟೂ ಬರುತ್ತೆ. ಈ ಸಲ ಬಂದಿದ್ದು ಒಂದು ಚಪ್ಪಲಿ ಡಬ್ಬ.

ನಮ್ಮದು ಶಿಡ್ಲಘಟ್ಟ. ಮಗ ರೇಷ್ಮೆಗೂಡು ಬೇಯಿಸಿ ನೂಲು ತೆಗೆಸುತ್ತಾನೆ. ಮೊಮ್ಮಗಳು ಒಂಬತ್ತನೇ ಕ್ಲಾಸು. ಮನೆ ಒಳಗಡೆ ಅಂದ ಮಾಡೋದನ್ನೂ ಅವರ ಸ್ಕೂಲಲ್ಲಿ ಒಂದು ಪಾಠ ಮಾಡಿದ್ದಾರೆ, ಇಂಟೀರಿಯರ್ ಡಿಸೈನ್ ಅಂತ. ಅವಳಿಗೆ ಅದರ ಮೇಲೆ ಪ್ರಾಣ. ಅವರಪ್ಪನಿಗೆ ಅಷ್ಟಕ್ಕಷ್ಟೆ.

"ಪರದೆ ಕಟ್ಟೋದು ಕಲಿಯೋಕೆ ಸ್ಕೂಲಿಗೆ ಹೋಗ್ಬೇಕಾ? ಪ್ರದರ್ಶನದ ದಿನ ಬಂದು ನೋಡ್ತೀನಿ. ನನಗೆ ಸರಿ ಅನ್ನಿಸದಿದ್ರೆ ಅದನ್ನ ಬಿಟ್ಟು ಕಂಪ್ಯೂಟರ್ ತಗೋಬೇಕು" ಅಂದ.

ಆವತ್ತು ಅವಳ ಚಿತ್ರಾನ್ನದ ತಟ್ಟೆಯಲ್ಲಿ ಕಡಲೆಬೀಜ ಹಾಗೇ ಉಳಿದಿತ್ತು. ನಮ್ಮ ಹುಡುಗಿ ಕಡಲೆಬೀಜ ಬಿಟ್ಟಳು ಅಂದ್ರೆ ವಿಷಯ ದೊಡ್ಡದೇ.

ಯಾರ ಮನೆ

ಆ ಚಪ್ಪಲಿ ಡಬ್ಬವೇ ಒಂದು ಕೋಣೆ ಅಂತೆ. ಮೂರು ಕಿಟಕಿ ಕೊರೆದಿದ್ದಳು. ಒಂದಕ್ಕೆ ಇಳಿಬಿಡೋ ಬಟ್ಟೆ ಪರದೆ, ಒಂದಕ್ಕೆ ಸುತ್ತಿ ಮೇಲಕ್ಕೆತ್ತೋದು, ಮೂರನೆಯದಕ್ಕೆ ಹೊಸದೇನಾದ್ರೂ ಯೋಚಿಸ್ಬೇಕಿತ್ತು.

"ಇದರಲ್ಲಿ ಯಾರು ಇರ್ತಾರೆ?" ಅಂದೆ.

"ಯಾರೂ ಇಲ್ಲ ಅಜ್ಜಿ, ಮಾಡೆಲ್ ಅಷ್ಟೆ."

"ಯಾರೂ ಇಲ್ಲದ ಮನೆಗೆ ಪರದೆ ಯಾಕಮ್ಮ? ಯಾರನ್ನ ಯಾರಿಂದ ಮರೆ ಮಾಡ್ತೀಯ?"

ಪೆನ್ಸಿಲ್ ಕಚ್ಕೊಂಡು ಕೂತಳು. ಮಾರನೇ ದಿನ ಹೋಗಿ ಇದನ್ನೇ ಟೀಚರಮ್ಮನ ಹತ್ತಿರ ಕೇಳಿದ್ದಾಳೆ. ಆಯಮ್ಮನಿಗೆ ಬಹಳ ಹಿಡಿಸಿಬಿಟ್ಟು, ಮನೆಯಲ್ಲಿ ಯಾರಿರ್ತಾರೆ, ಅವರಿಗೆ ಎಂಥ ಪರದೆ ಬೇಕು ಅಂತ ಇಡೀ ಕ್ಲಾಸಿಗೇ ಎರಡು ಪುಟ ಬರೆಯೋಕೆ ಹೇಳಿದರಂತೆ.

ಸಂಜೆ ಬಂದು ಬ್ಯಾಗು ಇಳಿಸಿ ಅಂದಳು: "ಅಜ್ಜಿ, ಕ್ಲಾಸಲ್ಲಿ ಒಬ್ಬರೂ ನನ್ನ ಜೊತೆ ಮಾತಾಡ್ತಿಲ್ಲ. ಇನ್ಮೇಲೆ ನೀನು ಒಳ್ಳೇ ಪ್ರಶ್ನೆ ಕೇಳಬೇಡ."

ಪಕ್ಕದ ಮನೆ ಕಿಟಕಿ

ಬಟ್ಟೆ ಚೂರಿಗೆ ಪಕ್ಕದ ಮನೆಗೆ ಹೋದೆವು. ಅಲ್ಲಿ ಬೀಬಮ್ಮ ಹೊಲಿಗೆ ಮಿಷನ್ ಇಟ್ಕೊಂಡಿದ್ದಾಳೆ. ಅವಳೂ ನಾನೂ ಒಂದೇ ವರ್ಷ ಈ ಬೀದಿಗೆ ಸೊಸೆಯರಾಗಿ ಬಂದವರು. ಮೊಮ್ಮಗಳು ಒಂದು ಹೂವಿನ ಬಟ್ಟೆ ಆರಿಸಿದಳು. ಬೀಬಮ್ಮ ಅದನ್ನ ಕಿತ್ಕೊಂಡು ಇನ್ನೊಂದು ತೆಳು ಬಟ್ಟೆ ಕೊಟ್ಟಳು.

"ಹೂವು ನೋಡಿ ತಗೋಬಾರ್ದು ಬೇಟಿ. ಕಣ್ಣಿಗೆ ಅಡ್ಡ ಹಿಡಿದು ಬೀದಿ ನೋಡು. ನಮಗೆ ಬೀದಿ ಕಾಣಬೇಕು, ಬೀದಿಗೆ ನಾವು ಕಾಣಬಾರದು. ಅದು ಪರದೆ."

ಎಷ್ಟು ದೊಡ್ಡ ಮಾತು ಅಂದ್ಕೊಂಡೆ. ಪರದೆ ಅಂದ್ರೆ ಮುಚ್ಚೋದು ಅಂತಲೇ ಇಷ್ಟು ವರ್ಷ ತಿಳಿದಿದ್ದೆ. ನೋಡೋಕೂ ಪರದೆ ಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಮೊಮ್ಮಗಳು ಕೇಳಿದಳು, "ನಿಮ್ಮ ಕಿಟಕೀದೂ ಇದೇ ಬಟ್ಟೇನಾ? ಅದರಲ್ಲಿ ಏನೇನು ಕಾಣುತ್ತೆ?"

"ಎಲ್ಲಾ ಕಾಣುತ್ತಮ್ಮ. ಸಕ್ಕರೆ ಕಾಯಿಲೆ ಇರೋ ನಿಮ್ಮಜ್ಜಿ ಊಟ ಆದ್ಮೇಲೆ ಡಬ್ಬಕ್ಕೆ ಕೈ ಹಾಕಿ ಬೆಲ್ಲ ತಿನ್ನೋದೂ ಕಾಣುತ್ತೆ."

ಆ ಬಟ್ಟೆಯಲ್ಲಿ ಎರಡು ಪರದೆ ಹೊಲಿಸಿದೆ. ಒಂದು ಚಪ್ಪಲಿ ಡಬ್ಬಕ್ಕೆ, ಒಂದು ನಮ್ಮ ಅಡುಗೆಮನೆಗೆ.

ಗೋಣಿತಾಟು

ಸುತ್ತಿ ಎತ್ತೋ ಪರದೆಗೆ ಗೋಣಿತಾಟು ಚೆನ್ನಾಗಿರುತ್ತೆ ಅಂತ ಹೇಳಿದ್ದು ನಾನೇ. ಅವಳು ನೀಟಾಗಿ ಕತ್ತರಿಸಿ, ಊದುಬತ್ತಿ ಕಡ್ಡಿಗೆ ಸುತ್ತಿ, ಡಬ್ಬದ ಕಿಟಕಿಗೆ ಕಟ್ಟಿಟ್ಟು ಸ್ಕೂಲಿಗೆ ಹೋದಳು.

ನಾನು ನಲವತ್ತು ವರ್ಷ ರೇಷ್ಮೆ ಹುಳು ಸಾಕಿದವಳು. ಬೇಸಿಗೆಯಲ್ಲಿ ಹುಳುವಿನ ಮನೆ ಕಿಟಕಿಗೆ ಗೋಣಿತಾಟು ಕಟ್ಟಿ, ಗಂಟೆಗೊಂದು ಸಲ ನೀರು ಹೊಡೀತಿದ್ವಿ. ಇಲ್ಲದಿದ್ರೆ ಹುಳು ಸೆಕೆಗೆ ಸಾಯುತ್ತೆ. ಮಧ್ಯಾಹ್ನ ಸೆಕೆ ಜೋರಾಗಿತ್ತು. ಕಣ್ಣಿಗೆ ಗೋಣಿತಾಟು ಬಿತ್ತು. ಕೈ ನನ್ನ ಮಾತು ಕೇಳಲಿಲ್ಲ, ಚೊಂಬು ತಗೊಂಡು ಚಿಮುಕಿಸಿಬಿಟ್ಟೆ. ಒಂದು ಸಲ ಅಲ್ಲ, ಅಭ್ಯಾಸದಂತೆ ಗಂಟೆಗೊಂದು ಸಲ.

ಅವಳು ಬರೋ ಹೊತ್ತಿಗೆ ರಟ್ಟೆಲ್ಲ ನೆಂದು, ಮನೆ ನಾಲ್ಕೂ ಕಡೆ ಮಲಗಿತ್ತು. ಪ್ರದರ್ಶನಕ್ಕೆ ಹದಿನೈದು ದಿನ ಉಳಿದಿತ್ತು. ಬೈದಿದ್ರೆ ಎಷ್ಟೋ ವಾಸಿ ಅನ್ನಿಸ್ತಿತ್ತು. ಅವಳು ಬಗ್ಗಿ ಒಳಗೆ ಇಣುಕಿದಳು.

"ಅಜ್ಜಿ, ಒಳಗಡೆ ತಂಪಾಯ್ತಾ?" ಅಂದಳು.

ಮೂಲೆಯಲ್ಲಿ ಒಬ್ಬರು

ಹಣ್ಣಿನ ಪೆಟ್ಟಿಗೆ ಹಲಗೆಯಲ್ಲಿ ಹೊಸ ಮನೆ ಎದ್ದಿತು. ಹಳೇ ಪರದೆ ಎರಡೂ ಒಣಗಿ ಅಲ್ಲಿಗೇ ಬಂದವು. ಮೂರನೆಯದು ಬಾಕಿ. ತಪ್ಪು ಮಾಡಿದವಳು ನಾನು, ತೀರಿಸಬೇಕಲ್ಲ. ಹುಳು ಗೂಡು ಕಟ್ಟೋಕೆ ಮೂಲೆ ಹುಡುಕುತ್ತೆ. ಮೂಲೆಯೇ ಇಲ್ಲದ ಚಪ್ಪಟೆ ಹಲಗೆ ಮೇಲೆ ಬಿಟ್ಟರೆ ಬೇರೆ ದಾರಿ ಕಾಣದೆ ನೂಲನ್ನ ಹಾಳೆ ಥರ ಹಾಸಿಬಿಡುತ್ತೆ. ಕೆಂಚಾರ್ಲಹಳ್ಳಿಯ ನನ್ನ ತಂಗಿ ಮನೆಯಿಂದ ಹಣ್ಣಾಗಿ ನೂಲು ಬಿಡೋಕೆ ತಯಾರಾದ ಹನ್ನೆರಡು ಹುಳು ಟಿಫನ್ ಡಬ್ಬದಲ್ಲಿ ತಂದು ಹಲಗೆ ಮೇಲೆ ಬಿಟ್ಟೆ.

ಮೂರು ದಿನಕ್ಕೆ ಅಂಗೈಯಗಲ ರೇಷ್ಮೆ ಹಾಳೆ ಸಿಕ್ಕಿತು. ಕತ್ತರಿ ಇಲ್ಲ, ಸೂಜಿ ಇಲ್ಲ, ಮೂರನೇ ಪರದೆ ತಯಾರು. ಆದ್ರೆ ಎಣಿಸಿದ್ರೆ ಹುಳು ಹನ್ನೊಂದೇ. ಹನ್ನೆರಡನೆಯದು ತಪ್ಪಿಸ್ಕೊಂಡು ಮಾಡೆಲ್ ಮನೆಗೆ ನುಗ್ಗಿ, ಕಿಟಕಿ ಪಕ್ಕದ ಮೂಲೆಯಲ್ಲಿ ಗೂಡು ಕಟ್ಟಿ ಮಲಗಿತ್ತು.

ಮಗ ನೋಡಿದ. "ಕಿತ್ತು ಕೊಡು, ಬೇಯಿಸೋದರ ಜೊತೆ ಹಾಕ್ತೀನಿ. ಬಿಟ್ರೆ ಚಿಟ್ಟೆ ತೂತು ಮಾಡ್ಕೊಂಡು ಹೊರಗೆ ಬರುತ್ತೆ, ಗೂಡು ದಂಡ."

"ಬೇಡಪ್ಪ" ಅಂದಳು ಹುಡುಗಿ. "ಮನೆಯಲ್ಲಿ ಯಾರಿದಾರೆ ಅಂತ ಅಜ್ಜಿ ಕೇಳಿದ್ಳಲ್ಲ. ಈಗ ಇದಾರೆ."

ಪ್ರದರ್ಶನದ ಬೆಳಿಗ್ಗೆ ಮಗ ಮಾತಿನಂತೆ ನಮ್ಮ ಜೊತೆ ಸ್ಕೂಲಿಗೆ ಬಂದು ಕೈ ಕಟ್ಕೊಂಡು ನಿಂತ. ನೋಡಿ ಮಾರ್ಕ್ಸ್ ಹಾಕೋಕೆ ಬೇರೆ ಊರಿಂದ ಒಬ್ಬರು ಮೇಡಂ ಬಂದಿದ್ದರು. ಮೂರೂ ಪರದೆ ಮುಟ್ಟಿ ನೋಡಿ, "ಆ ಮೂಲೆಯಲ್ಲಿ ಏನದು?" ಅಂದರು.

"ಮನೆಯವರು ಮೇಡಂ. ಮಲಗಿದ್ದಾರೆ."

ಅಷ್ಟರಲ್ಲಿ ಗೂಡಿನ ತುದಿ ಒದ್ದೆಯಾಯ್ತು. ನೂಲು ಸರಿದು ಒಂದು ತಲೆ ಹೊರಗೆ ಬಂತು, ಆಮೇಲೆ ಮುದುರಿದ ರೆಕ್ಕೆ. ನಲವತ್ತು ವರ್ಷ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಕಳಿಸಿದವಳು ನಾನು. ಒಂದೂ ತನ್ನಷ್ಟಕ್ಕೆ ಹೊರಗೆ ಬಂದಿದ್ದನ್ನ ಕೂತು ನೋಡಿರಲಿಲ್ಲ. ಸೆರಗಿನಲ್ಲಿ ಕಣ್ಣೊರೆಸ್ಕೊಂಡೆ.

ಮಗನ ಬಾಯಿಂದ ಮಾತ್ರ ಅಭ್ಯಾಸಬಲದಿಂದ ಬಂದುಬಿಟ್ಟಿತು: "ಹೋಯ್ತು, ಗೂಡು ತೂತಾಯ್ತು."

"ತೂತಲ್ಲಪ್ಪ" ಅಂದಳು ಮಗಳು. "ಅದರ ಕಿಟಕಿ."

ಅವನು ಕಟ್ಟಿದ ಕೈ ಬಿಟ್ಟ. ಮಗಳನ್ನೇ ನೋಡ್ತಾ ನಿಂತ.

ಚಿಟ್ಟೆ ನಿಧಾನಕ್ಕೆ ನಡೆದು ರೇಷ್ಮೆ ಪರದೆ ಹತ್ತಿತು. ಗೂಡಿಂದ ಬಂದ ಚಿಟ್ಟೆ ಮೊದಲು ಮಾಡೋ ಕೆಲಸ ಯಾವುದು ಅಂತ ನಮ್ಮ ಕಡೆಯವರಿಗೆಲ್ಲ ಗೊತ್ತು. ಬಿಳೀ ಪರದೆ ಮೇಲೆ ಕೆಂಪು ಮಣ್ಣಿನ ಬಣ್ಣದ ಉಚ್ಚೆ ಹೊಯ್ದು ಹಾಯಾಗಿ ಕೂತಿತು. ಹುಡುಗಿ ಮುಖ ಸಣ್ಣದಾಯ್ತು.

ಮೇಡಂ ನಕ್ಕು ಪುಸ್ತಕದಲ್ಲಿ ಏನೋ ಬರೆದರು. "ಇಷ್ಟು ಹೊತ್ತು ಮಾಡೆಲ್ ಆಗಿತ್ತು. ಈಗ ಮನೆ ಆಯ್ತು ನೋಡಮ್ಮ" ಅಂದರು.

ಹೊರಗೆ ಬಂದ ಮೇಲೆ ಅವಳು ಅವರಪ್ಪನ ಮುಖ ನೋಡಿದಳು. "ಕಂಪ್ಯೂಟರಾ ಅಪ್ಪ?"

"ಬೇಡಮ್ಮ, ಇದನ್ನೇ ಓದು" ಅಂದ. ಆಮೇಲೆ ನನ್ನ ಕಡೆ ಓರೆಗಣ್ಣಲ್ಲಿ ನೋಡ್ತಾ, ಮಗಳಿಗೆ ಮೆಲ್ಲಗೆ ಹೇಳಿದ: "ಪರದೆ ಒಗೆಯೋಕೆ ಮಾತ್ರ ನಿಮ್ಮಜ್ಜಿ ಕೈಗೆ ಕೊಡಬೇಡ. ಒಂದು ಸಲ ಮನೆ ಬಿದ್ದಿದ್ದು ಸಾಕು."