ಅಮ್ಮನ ಹೆಪ್ಪು

ಪ್ರತಿಯೊಬ್ಬರಿಗೂ ಏನಾದರೊಂದು ಜಂಬ ಇರಬೇಕು. ಇಲ್ಲದಿದ್ದರೆ ಮನೆಗೆ ಬಂದವರ ಜೊತೆ ಮಾತಾಡುವುದಾದರೂ ಏನು? ಕೆಲವರು ಮಕ್ಕಳ ಕಾಲೇಜಿನ ಹೆಸರು ಹೇಳುತ್ತಾರೆ, ಕೆಲವರು ಕಾರಿನ ಕೀಲಿಯನ್ನು ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ನನ್ನದು ಮೊಸರಿನ ಜಂಬ. ಇಪ್ಪತ್ತೆರಡು ವರ್ಷದ ಹಿಂದೆ ಅಮ್ಮ ಮೈಸೂರಿನಿಂದ ನಾನಿರುವ ಈ ಮೆಟುಚೆನ್‌ಗೆ ಬಂದಾಗ, ಪಂಚೆಯ ತುಂಡಿಗೆ ಮೊಸರು ಸವರಿ, ನೆರಳಲ್ಲಿ ಒಣಗಿಸಿ, ಸೀರೆಗಳ ಮಧ್ಯೆ ಮಡಚಿ ತಂದಿದ್ದಳು. ಬಂದ ದಿನವೇ ಅದನ್ನು ಬೆಚ್ಚಗಿನ ಹಾಲಿಗೆ ಅದ್ದಿ, ಪಾತ್ರೆಗೆ ನನ್ನ ಉಣ್ಣೆಯ ಟೋಪಿ ತೊಡಿಸಿ, "ಇಲ್ಲಿಯ ಚಳಿಗೆ ಹಾಲಿಗೂ ಟೋಪಿ ಬೇಕು ಕಣೋ" ಎಂದಿದ್ದಳು. ಅಮ್ಮ ಹೋಗಿ ಆರು ವರ್ಷವಾಯಿತು. ಆ ಹೆಪ್ಪಿನಿಂದ ಮಾತ್ರ ಮನೆಯಲ್ಲಿ ದಿನಾ ಮೊಸರಾಗುತ್ತಿದೆ. ಊಟಕ್ಕೆ ಬಂದವರಿಗೆಲ್ಲ ಈ ಕಥೆ ಹೇಳಿಯೇ ಬಡಿಸುತ್ತೇನೆ. ಒಂದು ತುತ್ತು ಬಾಯಿಗಿಟ್ಟರೆ ಅಮ್ಮನ ಕೈರುಚಿ ಗೊತ್ತಾಗುತ್ತದೆ ಎಂದೂ ಸೇರಿಸುತ್ತೇನೆ. ಆ ಹೊತ್ತಿಗೆ ನನ್ನ ಹೆಂಡತಿ ಜಯಾಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ನೆನಪಾಗುತ್ತದೆ.

ಈ ಜನವರಿಯಲ್ಲಿ ಜಯಾ ಮಗಳನ್ನು ನೋಡಲು ಡೆನ್ವರ್‌ಗೆ ಹೋದಳು. ಹೋಗುವಾಗ ಹೇಳಿದ ನೂರು ಮಾತುಗಳಲ್ಲಿ ಹೆಪ್ಪಿಗೆ ಒಂದು ಚಮಚ ಎತ್ತಿಡಬೇಕು ಎಂಬುದೂ ಒಂದು. ನಾಲ್ಕೇ ದಿನದಲ್ಲಿ ಬರಬೇಕಾದವಳು. ಅಷ್ಟರಲ್ಲಿ ಬಿರುಗಾಳಿಯೊಂದು ಕ್ಯಾಲಿಫೋರ್ನಿಯಾವನ್ನೆಲ್ಲ ತೋಯಿಸಿ, ಡೆನ್ವರ್ ಕಡೆಯ ಬೆಟ್ಟಗಳ ಮೇಲೆ ಆಳೆತ್ತರ ಹಿಮ ಸುರಿದು, ಅವಳ ಫ್ಲೈಟ್ ಕ್ಯಾನ್ಸಲ್ ಮಾಡಿಸಿ, ಉಳಿದ ನೀರನ್ನು ಹೊತ್ತು ನಮ್ಮ ಕಡೆ ಬಂತು. ಹಿಮ ಎತ್ತಲು ಸಲಿಕೆ, ಕರಗಿಸಲು ಉಪ್ಪು ತಂದಿಟ್ಟು ಕಾದವನಿಗೆ ಬಿಡದೆ ಮಳೆ. ಹೊರಗೆ ಕಾಲಿಡುವಂತಿಲ್ಲ, ಮೂರು ಹೊತ್ತೂ ಮೊಸರನ್ನ. ಮಳೆ ಹಿಡಿದ ಮೂರನೆಯ ದಿನ ಮಧ್ಯಾಹ್ನ ಪಾತ್ರೆಯನ್ನು ಬೆರಳಿನಿಂದ ಬಳಿದು ನೆಕ್ಕಿ, ತೊಳೆದು ಬೋರಲು ಹಾಕಿದ ಮೇಲೆ ಹೆಪ್ಪಿಗೆ ಎತ್ತಿಟ್ಟಿಲ್ಲವೆಂಬುದು ಹೊಳೆಯಿತು. ನಗಬೇಡಿ, ನಿಜವಾಗಿಯೂ ಅಳು ಬಂತು. ಅಮ್ಮ ತಂದದ್ದರಲ್ಲಿ ಜೀವಂತವಾಗಿ ಉಳಿದದ್ದು ಅದೊಂದೇ, ಅದನ್ನೂ ನಾನು ತಿಂದು ಮುಗಿಸಿದ್ದೆ.

ಆಗಲೇ ಜಯಾಳ ಫೋನ್. "ರೀ, ಹೆಪ್ಪು ಎತ್ತಿಟ್ಟಿದ್ದೀರಿ ತಾನೇ?"

"ಓ, ಫ್ರಿಜ್‌ನಲ್ಲಿದೆ" ಎಂದೆ.

ಎದುರು ಮನೆಯ ಹುಬ್ಬಳ್ಳಿಯ ವಿಮಲಕ್ಕ ಹಿಂದೊಮ್ಮೆ ನಮ್ಮಿಂದಲೇ ಹೆಪ್ಪು ಒಯ್ದದ್ದು ನೆನಪಾಯಿತು. ಬಟ್ಟಲು ಹಿಡಿದು ಓಡಿದೆ. ಗಾಳಿಗೆ ಕೊಡೆ ತಿರುಚಿಕೊಂಡು, ರಸ್ತೆ ದಾಟುವಷ್ಟರಲ್ಲಿ ತೊಯ್ದು ತೊಪ್ಪೆಯಾಗಿದ್ದೆ. ವಿಷಯ ಕೇಳಿ ವಿಮಲಕ್ಕ ನಕ್ಕುಬಿಟ್ಟರು.

"ಅಯ್ಯ, ನಿಮ್ಮ ತಾಯಿ ಹೆಪ್ಪು ಇನ್ನೆಲ್ಲೈತ್ರೀ? ಎರಡು ವರ್ಷದ ಹಿಂದ ಸ್ನೋ ಬಿದ್ದು ಕರೆಂಟ್ ಹೋಗಿತ್ತಲ್ಲ, ಆವಾಗ ಮನಿ ಎಲ್ಲಾ ತಣ್ಣಗಾಗಿ ಹಾಲು ಹೆಪ್ಪಾಗ್ಲಿಲ್ಲ, ನಿಮ್ಮದೂ ಹಾಳಾತು, ನಮ್ಮದೂ ಹಾಳಾತು. ಜಯಾ ಅಂಗಡಿಯಿಂದ ಮೊಸರು ತಂದು ಹೆಪ್ಪು ಹಾಕಿ ನನಗೂ ಕೊಟ್ಟಳು. ಅವರಿಗೆ ಹೇಳಬ್ಯಾಡ್ರೀ, ತಾಯೀನ ಎರಡನೇ ಸಲ ಕಳಕೊಂಡಂಗ ಆಗತೈತಿ ಅಂದಿದ್ಲು." ಅಷ್ಟು ಹೇಳಿ, ಬಾಯಿ ತಪ್ಪಿತೆಂದು ತುಟಿಯ ಮೇಲೆ ಕೈಯಿಟ್ಟುಕೊಂಡರು.

ನಾನು ಒಂದು ಚಮಚ ಹಾಕಿಸಿಕೊಂಡು ಬಂದು, ಹಾಲು ಕಾಯಿಸಿ ಹೆಪ್ಪು ಹಾಕಿದೆ. ಎರಡು ದಿನ ಬಿಟ್ಟು ಜಯಾ ಬಂದಳು. ಊಟಕ್ಕೆ ಕೂತು, ಮೊಸರನ್ನ ಕಲೆಸಿ ಬಾಯಿಗಿಟ್ಟು, "ಎಲ್ಲಿ ಹೋದ್ರೂ ಅತ್ತೆ ಮೊಸರಿನ ರುಚಿ ಬರಲ್ಲ ನೋಡಿ" ಎಂದಳು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

"ಹೌದು ಕಣೇ" ಎಂದು ಇನ್ನೊಂದು ಸೌಟು ಹಾಕಿಸಿಕೊಂಡೆ. ಸುಳ್ಳು ಹೇಳುವುದರಲ್ಲಿ ನಾನು ಇವಳ ಕಾಲ ಧೂಳಿಗೂ ಸಮನಲ್ಲ.