ಯಾರ ಮನೆಯವರು ಮೇಡಂ?

ಮೈಸೂರಿನಲ್ಲಿ ಇಬ್ಬರು ಎದುರುಬದುರು ಕೂತರೆ ಕಾಫಿ ಆರುವಷ್ಟರಲ್ಲಿ ನೆಂಟರಾಗಿಬಿಡುತ್ತಾರೆ. 'ನಿಮ್ಮದು ಯಾವೂರು?' ಎಂದು ಶುರುವಾದದ್ದು, 'ಯಾರ ಮನೆಯವರು?' ಎಂದು ಮುಂದುವರಿದು, 'ಹಂಗಾದ್ರೆ ನೀವು ನಮಗೆ ಅತ್ತಿಗೆ ಆಗ್ಬೇಕು ಕಣ್ರೀ' ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಬೇರೆಯವರಿಗೆ ಇದು ಸಂತೋಷದ ವಿಷಯ. ನನಗೆ ಮಾತ್ರ ಹೊಟ್ಟೆಪಾಡಿಗೇ ಕುತ್ತು. ನಾನು ಕುಟುಂಬ ಸಲಹೆಗಾರ್ತಿ. ದೇವರಾಜ ಮೊಹಲ್ಲಾದ ಪಾತ್ರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ಅತ್ತೆ ಸೊಸೆ, ಗಂಡ ಹೆಂಡಿರ ಜಗಳ ಕೇಳುವುದು ನನ್ನ ಕೆಲಸ. ಬೇರೆ ಜಾತಿಯವರು 'ನಮ್ಮ ಮನೆ ರೀತಿ ಇವರಿಗೇನು ಅರ್ಥವಾದೀತು' ಎಂದು ಅನುಮಾನಿಸುತ್ತಾರೆ. ನಮ್ಮ ಒಕ್ಕಲು ಮನೆತನದವರು 'ಇವರಿಗೆ ಎಲ್ಲಾ ಅರ್ಥವಾಗಿಬಿಡುತ್ತೆ' ಎಂದು ಹೆದರುತ್ತಾರೆ. ನೆಂಟಸ್ತಿಕೆ ಹೊರಬಿತ್ತೋ, ಮುಗಿಯಿತು. ನೆಂಟರ ಮುಂದೆ ಮನೆಯ ಗುಟ್ಟು ಬಿಟ್ಟುಕೊಡುವುದುಂಟೆ? ಎಲ್ಲರ ಯೋಗಕ್ಷೇಮ ವಿಚಾರಿಸಿ, ತಂದ ಜಗಳವನ್ನು ಹಾಗೆಯೇ ವಾಪಸು ಕೊಂಡೊಯ್ಯುತ್ತಾರೆ.

ಹಾಗೆಂದು ನನಗೆ ನೆಂಟರು ಬೇಡವೆಂದಲ್ಲ. ನಾನು ಗಂಡನನ್ನು ಬಿಟ್ಟೆ, ನೆಂಟರು ನನ್ನನ್ನು ಬಿಟ್ಟರು. ಕುಂಬಾರಕೊಪ್ಪಲಿನ ಬಾಡಿಗೆ ಮನೆಯಲ್ಲಿ ಒಬ್ಬಳಿಗೋಸ್ಕರ ಒಬ್ಬಟ್ಟು ಮಾಡಲು ಹೊರಟರೆ ಕಣಕ ನೆನೆಯುವ ಮೊದಲೇ ಉತ್ಸಾಹ ಇಳಿದುಹೋಗುತ್ತದೆ. ದಿನವಿಡೀ ಊರವರ ಮನೆಮಾತು ಕೇಳುವವಳಿಗೆ ಸಂಜೆ 'ಊಟ ಆಯ್ತಾ?' ಎನ್ನುವವರಿಲ್ಲ. ಬೇಜಾರಾಗುತ್ತದೆ, ಸುಳ್ಳೇಕೆ ಹೇಳಲಿ.

ಹೋದ ತಿಂಗಳು ಹಿನಕಲ್‌ನಿಂದ ಜಯಮ್ಮ ಎಂಬುವರು ಮಗ, ಸೊಸೆಯನ್ನು ಕರೆದುಕೊಂಡು ಬಂದರು. ಸೊಸೆ ಗೀತಾ ತವರು ಸೇರಿದ್ದಳು. ಮತ್ತೆ ಗಂಡನ ಮನೆಗೆ ಹೋಗುವುದೋ ಬೇಡವೋ ಎಂಬುದು ಇತ್ಯರ್ಥವಾಗಬೇಕಿತ್ತು. ಅವಳು "ಮೇಡಂ, ನಾನು ಒಂದು ಮಾತು..." ಎನ್ನುವಷ್ಟರಲ್ಲಿ ಜಯಮ್ಮ ನನ್ನ ಮುಖವನ್ನೇ ದಿಟ್ಟಿಸಿ, "ತಡಿಯಮ್ಮ ನೀನು. ಈ ಮೂಗ್ನ ಎಲ್ಲೋ ನೋಡಿವ್ನಿ. ನೀವು ಮೇಗಲಮನೆ ಪುಟ್ಟತಾಯಮ್ಮನ ಮೊಮ್ಮಗಳಲ್ವಾ? ಅವ್ರು ನನ್ಗೆ ಸ್ವಂತ ದೊಡ್ಡಮ್ಮ ಕಣ್ರೀ!" ಎಂದರು.

ಪುಟ್ಟತಾಯಮ್ಮ ನನ್ನ ತಾಯಿಯ ತಾಯಿ. ಮೂಗೂ ಅವರದೇ. 'ಚಿಕ್ಕಮ್ಮ' ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಗೀತಾಳನ್ನು ನೋಡಿದೆ. ಇವರೂ ಅತ್ತೆಯ ಕಡೆಯವರೇ ಎಂದುಕೊಂಡು ಅವಳು ಆಗಲೇ ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದಳು.

"ಅಲ್ಲಮ್ಮ, ನಾನು ಆ ಮನೆಯವಳಲ್ಲ" ಎಂದೆ.

ಗೀತಾ ಬ್ಯಾಗು ಕೆಳಗಿಟ್ಟಳು. ಅವಳು ಹೇಳಿದ್ದೆಲ್ಲ ಇಲ್ಲಿ ಬರೆಯುವಂಥದ್ದಲ್ಲ. ಕೊನೆಗೆ ಜಯಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಂದಿನ ವಾರ ಮೂವರೂ ಮತ್ತೆ ಬರುವುದೆಂದಾಯಿತು.

ಹೊರಟ ಜಯಮ್ಮ ಬಾಗಿಲಲ್ಲಿ ತಡೆದು ನಿಂತರು. "ನಮ್ ದೊಡ್ಡಮ್ಮನ ಆ ಮೊಮ್ಮಗ್ಳು ಗಂಡನ್ ಬುಟ್ಟು ಮೈಸೂರಲ್ಲೇ ಒಬ್ಳೇ ಅವ್ಳಂತೆ. ಎಂಗವ್ಳೋ ಏನೋ. ನಮ್ಗ್ಯಾರ್ಗೂ ಕೋಪ ಇಲ್ಲ ಕಣ್ರೀ. ನಿಮ್ಮ ಕಣ್ಗೇನಾದ್ರೂ ಬಿದ್ರೆ, ಚಿಕ್ಕಮ್ಮ ಮನೆಗೆ ಬಾ ಅಂದ್ರು ಅಂತ ಹೇಳ್ಬುಡಿ."

"ಖಂಡಿತ ಹೇಳ್ತೀನಿ" ಎಂದೆ. ಅವರು ಮೆಟ್ಟಿಲಿಳಿದು ಹೋದ ಮೇಲೆ ಹೇಳಿಯೂ ಹೇಳಿದೆ. ಅವಳಿಗೆ ಸದ್ಯಕ್ಕೆ ಬರಲಾಗುವುದಿಲ್ಲವಂತೆ. ಗೀತಾಳ ಮಾತು ಇನ್ನೂ ಮುಗಿದಿಲ್ಲವಂತೆ.