ರೈಟ್ ಅಂದರೆ ಹಾರುವ ವಿಮಾನ

ತಪ್ಪು ಒಪ್ಪಿಕೊಳ್ಳುವುದರಲ್ಲಿ ಒಂದು ತೊಂದರೆಯಿದೆ. ಸಣ್ಣದಾದರೆ ಹೇಳಲು ನಾಚಿಕೆಯಾಗುತ್ತದೆ, ದೊಡ್ಡದಾದರೆ ಭಯವಾಗುತ್ತದೆ. ನನ್ನದು ಇವೆರಡರ ನಡುವಿನ ಅಳತೆಯದು. ಸರಿಯಾಗಿ ಹೇಳಬೇಕೆಂದರೆ, ಒಂದೂಕಾಲು ಅಡಿ ಅಗಲದ್ದು, ಬೀಡುಕಬ್ಬಿಣದ್ದು, ನನ್ನ ಹೆಂಡತಿ ಸರೋಜಳ ಹೊಲಿಗೆ ಮಿಷನ್ನಿನ ಕೆಳಗೆ ಇರಬೇಕಾಗಿದ್ದದ್ದು.

ನಾನು ಓದಿದ್ದು ಹೈಸ್ಕೂಲಿನವರೆಗೆ. ಆಮೇಲೆ ಇಪ್ಪತ್ತೆಂಟು ವರ್ಷ ಶಿಕಾರಿಪುರದಿಂದ ಸೊರಬಕ್ಕೆ ಖಾಸಗಿ ಬಸ್ಸು ಓಡಿಸಿದೆ. ಕೆಲಸ ಬಿಟ್ಟ ಮೇಲೆ ನನ್ನ ಜೊತೆಯವರಲ್ಲಿ ಕೆಲವರಿಗೆ ಭಜನೆ ಹಿಡಿಯಿತು, ಕೆಲವರಿಗೆ ರಾಜಕೀಯ ಹಿಡಿಯಿತು. ಸೊರಬದಲ್ಲಿ ಟೀಚರಾಗಿರುವ ಮಗಳು ತನ್ನ ಹಳೇ ಕಂಪ್ಯೂಟರ್ ತಂದಿಟ್ಟದ್ದು ಅದರಲ್ಲಿ ಹಾಡು ಕೇಳಿ ನನಗೂ ಭಜನೆ ಹಿಡಿಯಲಿ ಎಂದೇ. ಆದರೆ ಅದರೊಳಗೆ ಒಂದು ವಿಮಾನವಿತ್ತು. ಮಕ್ಕಳ ಆಟದ್ದಲ್ಲ, ಮೋಡ, ಗಾಳಿ, ಗಡಿಯಾರದಂಥ ಹತ್ತಾರು ಮುಳ್ಳು ಎಲ್ಲ ಇರುವಂಥದ್ದು. ನನ್ನ ಬಸ್ಸಿನಲ್ಲಿ ಇದ್ದದ್ದೇ ಮೂರು ಮುಳ್ಳು, ಅದರಲ್ಲಿ ಎರಡು ಸದಾ ಸೊನ್ನೆಯ ಮೇಲೇ ಮಲಗಿರುತ್ತಿದ್ದವು. ಎಲ್ಲ ಮುಳ್ಳೂ ಅಲುಗಾಡುವ ವಾಹನ ಕಂಡು ನನಗೆ ಮರುಳು ಹಿಡಿಯಿತು.

ಅದನ್ನು ಕೀಲಿಮಣೆ ಒತ್ತಿ ಓಡಿಸುವುದು ನನ್ನಂಥವನಿಗೆ ಅವಮಾನ. ಹಿಂದಿನ ಕೋಣೆಯಲ್ಲಿ ನಿಜವಾದ ಚಾಲಕನ ಜಾಗವನ್ನೇ ಕಟ್ಟಲು ಕೂತೆ. ಗುಜರಿಯಿಂದ ಒಂದು ವ್ಯಾನಿನ ಸ್ಟೀರಿಂಗ್ ತಂದೆ. ಎಳೆದರೆ ವಿಮಾನದ ಮೂತಿ ಮೇಲೇಳಬೇಕಲ್ಲ, ಅದಕ್ಕೆ ಸ್ಟೀರಿಂಗನ್ನು ಸೈಕಲ್ ಪಂಪಿನ ತುದಿಗೆ ಕೂರಿಸಿದೆ. ಹಳೇ ಕುಕ್ಕರಿನ ಹಿಡಿ ವೇಗದ ಹಿಡಿಯಾಯಿತು. ಅದನ್ನು ಸರೋಜಳನ್ನು ಕೇಳಿಯೇ ತೆಗೆದುಕೊಂಡೆ. ಮಗಳು ತಂದುಕೊಟ್ಟ ಕಂಪ್ಯೂಟರ್ ಆಟದ ಹಿಡಿಕೆಯೊಂದನ್ನು ಬಿಚ್ಚಿ, ರೇಡಿಯೋದ ವಾಲ್ಯೂಮಿನಲ್ಲಿರುವಂಥ ಅದರ ಪುಟ್ಟ ತಿರುಪುಗಳನ್ನು ಇವಕ್ಕೆಲ್ಲ ಜೋಡಿಸಿದೆ. ಉಳಿದದ್ದು ಕಾಲಿನ ಕೆಲಸ. ವಿಮಾನದಲ್ಲಿ ಎಡಗಾಲು ಒತ್ತಿದರೆ ಬಲಗಾಲು ಏಳಬೇಕು. ಮನೆಯೆಲ್ಲ ಹುಡುಕಿದೆ. ಸರೋಜ ಮಗಳ ಮನೆಗೆಂದು ಒಂದು ವಾರ ಸೊರಬಕ್ಕೆ ಹೋಗಿದ್ದಳು. ಅವಳ ಮಿಷನ್ನಿನ ಪೆಡಲನ್ನು ಅಡ್ಡಕ್ಕೆ ತಿರುಗಿಸಿ ಕೂರಿಸಿದರೆ ವಿಮಾನಕ್ಕೆಂದೇ ಎರಕ ಹೊಯ್ದಂತಿತ್ತು. ಪೆಡಲಿಗೂ ಚಕ್ರಕ್ಕೂ ನಡುವೆ ಒಂದು ಉದ್ದನೆಯ ಕಂಬಿ ಇರುತ್ತದೆ. ಅದು ಸ್ವಲ್ಪ ಅಡ್ಡ ಬರುತ್ತಿತ್ತು. ಗರಗಸ ಕೈಯಲ್ಲೇ ಇತ್ತು.

ಅವಳು ಬಂದವಳೇ ಮಿಷನ್ನಿನ ಕೆಳಗೆ ಬಗ್ಗಿ ನೋಡಿದಳು.

"ಪೆಡಲ್ ಎಲ್ಲೈತ್ರೀ?"

"ಬಿರುಕು ಬಿಟ್ಟಿತ್ತು. ವೆಲ್ಡಿಂಗಿಗೆ ಕೊಟ್ಟೀನಿ."

"ನಾನು ಹೋಗೋವಾಗ ಚಲೋ ಇತ್ತಲ್ರೀ."

"ಒಳಗಿನ ಬಿರುಕು. ಕಣ್ಣಿಗೆ ಕಾಣಲ್ಲ."

ಒಳಗೆ ಬಿರುಕಿದ್ದದ್ದು ನಿಜ. ಎಲ್ಲಿ ಎಂದು ನಾನು ಹೇಳಲಿಲ್ಲ, ಅಷ್ಟೆ. ಪಕ್ಕದ ಮನೆಯ ಗಿರಿಜಮ್ಮನ ಮಗಳಿಗೆ ಮದುವೆ ಗೊತ್ತಾಗಿತ್ತು. ಹುಡುಗಿಯ ಒಂಬತ್ತೂ ಕುಪ್ಪಸ ತಾನೇ ಹೊಲಿದುಕೊಡುವುದಾಗಿ ಸರೋಜ ಮಾತು ಕೊಟ್ಟಿದ್ದಳು. ಹೊಲಿಗೆಯಲ್ಲಿ ಅವಳು ಒಂದು ದಿನವೂ ಮಾತು ತಪ್ಪಿದವಳಲ್ಲ. ಪೆಡಲ್ ಬರುವ ಲಕ್ಷಣ ಕಾಣದೆ, ಬಲಗೈಯಲ್ಲಿ ಚಕ್ರ ತಿರುಗಿಸುತ್ತ ಎಡಗೈಯಲ್ಲಿ ಬಟ್ಟೆ ಹಿಡಿದು ಹೊಲಿಯತೊಡಗಿದಳು. ನಾಲ್ಕನೇ ಕುಪ್ಪಸಕ್ಕೆ ಭುಜ ಹಿಡಿದುಕೊಂಡಿತು. ಸಂಜೆ ನಾನು ಅವಳ ಭುಜಕ್ಕೆ ಮುಲಾಮು ತಿಕ್ಕುತ್ತಿದ್ದೆ. ಬೆಳಿಗ್ಗೆ ಅವಳ ಪೆಡಲ್ ತುಳಿದು ಆಕಾಶಕ್ಕೆ ಏರುತ್ತಿದ್ದೆ. "ಎಷ್ಟು ಮೆತ್ತಗೆ ತಿಕ್ತೀರಿ" ಎಂದು ಅವಳು ಹೊಗಳಿದ ಸಂಜೆ ನನಗೆ ಊಟ ಸೇರಲಿಲ್ಲ. ಆದರೂ ಹೇಳಲಿಲ್ಲ. ಪೆಡಲಿಗೆ ಒಂದು ಹಳೇ ಬೆಡ್‌ಶೀಟ್ ಹೊದಿಸಿದ್ದೆ. ಅದರ ಕಿರುಗುಟ್ಟುವ ಸದ್ದು ಕೇಳಿಸದಿರಲೆಂದು ಇಂಜಿನ್ನಿನ ಶಬ್ದವನ್ನು ಜೋರಾಗಿ ಇಡುತ್ತಿದ್ದೆ.

ಏರುತ್ತಿದ್ದೆ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಹಿಂದಿನಿಂದ ಕಂಡಕ್ಟರು "ರೈಟ್" ಅನ್ನದೆ ಗಾಡಿ ತೆಗೆದು ನನಗೆ ಅಭ್ಯಾಸವಿಲ್ಲ. ವಿಮಾನ ರನ್‌ವೇ ಮೇಲೆ ಗುಡುಗುಡು ಎನ್ನುತ್ತ ನಿಂತಿದ್ದರೆ ನಾನು ಕಿವಿಗೊಟ್ಟು ಕೂತಿರುತ್ತಿದ್ದೆ. ನಾನೇ ಹೇಳಿಕೊಂಡು ನೋಡಿದೆ. ಅಧಿಕಾರವಿಲ್ಲದವನ ಮಾತಿನಂತೆ ಕೇಳಿಸಿತು. ಕೊನೆಗೆ ಸೊರಬದಲ್ಲಿರುವ ನನ್ನ ಹಳೇ ಕಂಡಕ್ಟರ್ ರುದ್ರಪ್ಪನಿಗೆ ಫೋನ್ ಮಾಡಿ ಕರೆಸಿದೆ.

ರುದ್ರಪ್ಪ ಬಂದ. ಗೆಳೆಯ ಬಂದ ಹುರುಪಿನಲ್ಲಿ ಸರೋಜಳನ್ನೂ ಕರೆದು, ಇಬ್ಬರನ್ನೂ ಹಿಂದಿನ ಕುರ್ಚಿಗಳಲ್ಲಿ ಕೂರಿಸಿದೆ.

"ಎಂತ ಗಲಾಟೆ ಮಾರಾಯ ಇದು, ನನ್ನ ಮಾತು ನಂಗೇ ಕೇಳ್ತಿಲ್ಲ. ಸಣ್ಣ ಮಾಡು," ಎಂದ ರುದ್ರಪ್ಪ. ಯೋಚಿಸದೆ ಶಬ್ದ ಇಳಿಸಿದೆ. "ರೈಟ್, ರೈಟ್" ಎಂದು ಅವನು ನನ್ನ ಕುರ್ಚಿಯ ಬೆನ್ನು ತಟ್ಟಿದ. ವಿಮಾನ ಹೂವಿನಂತೆ ಎದ್ದಿತು. ಎಡಕ್ಕೆ ಅಂಬ್ಲಿಗೊಳ ಜಲಾಶಯದ ನೀರು ಹೊಳೆಯಿತು, ಶಿಕಾರಿಪುರ ಹಿಂದಾಯಿತು. ರುದ್ರಪ್ಪ ಎದ್ದು ಬಂದು ಪರದೆಗೆ ಮೂಗು ತಾಗಿಸಿ ರಸ್ತೆಯ ಗೆರೆಯನ್ನೇ ನೋಡುತ್ತಿದ್ದವನು ಇದ್ದಕ್ಕಿದ್ದಂತೆ, "ಹೋಲ್ಡಾನ್, ಬಳ್ಳಿಗಾವಿ ಕ್ರಾಸ್" ಎಂದ.

ನನ್ನ ತಪ್ಪಲ್ಲ. ಇಪ್ಪತ್ತೆಂಟು ವರ್ಷದ ಬಲಗಾಲು ಅದು. ಬ್ರೇಕೆಂದುಕೊಂಡು ಪೂರ್ತಿ ತುಳಿಯಿತು. ವಿಮಾನ ಬಲಕ್ಕೆ ಮಗುಚಿಕೊಂಡಿತು, ಬೆಡ್‌ಶೀಟಿನ ಕೆಳಗಿಂದ "ಕಿರ್ರ್" ಎಂದಿತು.

"ಹೋಲ್ಡಾನ್," ಎಂದಳು ಸರೋಜ, ಬಹಳ ಮೆಲ್ಲಗೆ.

ಆ ಸದ್ದನ್ನು ಅವಳು ಮೂವತ್ತು ವರ್ಷದಿಂದ ಕೇಳುತ್ತ ಬಂದವಳು. ಬಗ್ಗಿ ಬೆಡ್‌ಶೀಟ್ ಎತ್ತಿದಳು. ವಿಮಾನ ಯಾವುದೋ ಕೆರೆಗೆ ಬಿತ್ತು. ಅದನ್ನು ಯಾರೂ ನೋಡಲಿಲ್ಲ. ರುದ್ರಪ್ಪ ಚಪ್ಪಲಿ ಹುಡುಕತೊಡಗಿದ.

"ವೆಲ್ಡಿಂಗ್ ಚಲೋ ಮಾಡ್ಯಾರ," ಎಂದಳು. "ಬಿರುಕು ಎಲ್ಲಿತ್ತು ಅಂತ ಗೊತ್ತೇ ಆಗವಲ್ದು."

"ಸರೋಜಾ, ಅದು—"

"ಎಣ್ಣೆನಾದ್ರೂ ಬಿಟ್ಟೀರೇನು?"

"ಇಲ್ಲ."

"ನೀವು ದಿನಾ ಭುಜಕ್ಕೆ ತಿಕ್ಕಿದ್ದು ಇದಕ್ಕೆ ತಿಕ್ಕಿದ್ರೆ ಇವತ್ತೂ ಸಿಕ್ಕಿಬೀಳ್ತಿರಲಿಲ್ಲ ನೋಡ್ರಿ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಂದೇ ಪೆಡಲನ್ನು ಮೊದಲಿನ ಜಾಗಕ್ಕೆ ಕೂರಿಸಿದೆ. ಆದರೆ ಕತ್ತರಿಸಿದ ಕಂಬಿ ಕೂಡಿಕೊಳ್ಳುವುದೆಲ್ಲಿ? ಬೆಸೆದರೆ ಅಳತೆ ಕೆಡುತ್ತದಂತೆ, ಅಂಥ ಹೊಸ ಕಂಬಿ ದಾವಣಗೆರೆಯಿಂದ ಬರಬೇಕಂತೆ. ಮದುವೆ ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಈಗ ನಾನು ಬೆಳಿಗ್ಗೆಯಿಂದ ಮಿಷನ್ನಿನ ಪಕ್ಕ ನಿಂತು ಕೈಯಿಂದ ಚಕ್ರ ತಿರುಗಿಸುತ್ತೇನೆ, ಅವಳು ಬಟ್ಟೆ ಹಿಡಿಯುತ್ತಾಳೆ. "ರೈಟ್" ಎಂದರೆ ತಿರುಗಿಸಬೇಕು, "ಹೋಲ್ಡಾನ್" ಎಂದರೆ ನಿಲ್ಲಿಸಬೇಕು. ನಿನ್ನೆ ಎರಡು ಹೊಲಿಗೆ ಮುಂದೆ ಹೋಗಿ ನಿಲ್ಲಿಸಿದ್ದಕ್ಕೆ ಒಂದು ತೋಳನ್ನೇ ಬಿಚ್ಚಬೇಕಾಯಿತು. ಸ್ಟಾಪ್ ದಾಟಿಸಿ ಬಸ್ಸು ನಿಲ್ಲಿಸಿದಾಗ ಮುದುಕಿಯರು ನನ್ನನ್ನು ನೋಡುತ್ತಿದ್ದಂತೆಯೇ ನೋಡಿದಳು. ಸಂಜೆ ನನ್ನ ಭುಜಕ್ಕೆ ಮುಲಾಮು ನಾನೇ ಹಚ್ಚಿಕೊಳ್ಳುತ್ತೇನೆ. ಕೈ ಸರಿಯಾಗಿ ಎಟುಕುವುದಿಲ್ಲ.

ಇವತ್ತು ರುದ್ರಪ್ಪ ಫೋನ್ ಮಾಡಿದ್ದ. "ವಿಮಾನ ಎಲ್ಲಿಗೆ ಬಂತು ಮಾರಾಯ?" ಎಂದು ಕೇಳಿದ.

"ಏಳನೇ ಕುಪ್ಪಸ," ಎಂದೆ. "ಎಡ ತೋಳು ದಾಟಿದೆ. ಫೋನ್ ಇಡು, ರೈಟ್ ಅಂದ್ಲು."